ಬಂಡೆಗೆ ಅಂಟಿದ ಬಾರ್ನಕಲ್ ನೋಡುವ ಕ್ರಮ: ಮಂಗಳೂರು–ಉಡುಪಿ ಕಡಲತೀರಕ್ಕೊಂದು ಮಾರ್ಗದರ್ಶಿ

ಸೋಮೇಶ್ವರದ ಬಂಡೆಗಳನ್ನು ಬರಿಗಾಲಲ್ಲಿ ಹತ್ತಿದವರಿಗೆ ಬಾರ್ನಕಲ್‌ನ ಮೊದಲ ಪರಿಚಯ ಆಗುವುದು ಅಂಗಾಲಿನ ಮೂಲಕ. ಬೂದುಬಣ್ಣದ, ಒರಟಾದ, ನೆತ್ತಿಯಲ್ಲಿ ಬಾಯಿ ತೆರೆದಂತಿರುವ ಈ ಪುಟ್ಟ ಶಂಕುಗಳನ್ನು ಹೆಚ್ಚಿನವರು ಕಲ್ಲಿನ ಭಾಗವೆಂದೋ ಸತ್ತ ಚಿಪ್ಪಿನ ಚೂರೆಂದೋ ಬಗೆದು ದಾಟಿ ಹೋಗುತ್ತಾರೆ. ವಾಸ್ತವದಲ್ಲಿ ಇದು ಜೀವಂತ ಪ್ರಾಣಿ. ಅದೂ ಮರುವಾಯಿ, ಪಚ್ಚಿಲೆ ಎಂಬ ಚಿಪ್ಪುಜೀವಿಗಳಂಥ ಮೃದ್ವಂಗಿಗಳ ಕುಲದ್ದಲ್ಲ, ಸಿಗಡಿ ಮತ್ತು ಏಡಿಗಳಿರುವ ಕಠಿಣಚರ್ಮಿಗಳ ಬಳಗದ್ದು. ಇದನ್ನು ತಿಳಿಯಲು ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು. ಜೀವಿಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಲಿನೇಯಸ್ ಇದನ್ನು ಚಿಪ್ಪುಮೀನುಗಳ ಗುಂಪಿಗೆ ಸೇರಿಸಿದ್ದ. ಐರ್ಲೆಂಡಿನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಂಪ್ಸನ್, ಸಮುದ್ರದ ನೀರಿನಲ್ಲಿ ಈಜಾಡುತ್ತಿದ್ದ ಸಿಗಡಿಯಂಥ ಮರಿಗಳು ಅಂಟಿಕೊಂಡು ಬಾರ್ನಕಲ್ ಆಗುವುದನ್ನು ಕಂಡು 1830ರಲ್ಲಿ ಪ್ರಕಟಿಸಿದ ಬಳಿಕವೇ ಅದರ ನಿಜವಾದ ನಂಟು ಬಯಲಾಯಿತು. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ, ಅಂದರೆ ಎಂಟು ವರ್ಷ, ಇವುಗಳ ಅಧ್ಯಯನದಲ್ಲೇ ಮುಳುಗಿದ್ದ.

ಬಾರ್ನಕಲ್‌ನ ಬದುಕಿನಲ್ಲಿ ದೊಡ್ಡ ನಿರ್ಧಾರವೆಂಬುದು ಒಂದೇ ಸಲ: ಎಲ್ಲಿ ಅಂಟಿಕೊಳ್ಳಬೇಕು ಎಂಬುದು. ಒಮ್ಮೆ ಅಂಟಿದರೆ ಸಾಯುವವರೆಗೂ ಅಲ್ಲೇ. ಆದ್ದರಿಂದ ಬಂಡೆಯ ಮುಂದೆ ನಿಂತವರು ಕೇಳಬೇಕಾದ ಪ್ರಶ್ನೆ ‘ಇದು ಯಾವ ಜಾತಿ’ ಎಂಬುದಕ್ಕಿಂತ ‘ಇದು ಇಲ್ಲೇ ಏಕಿದೆ, ಅಲ್ಲಿ ಏಕಿಲ್ಲ’ ಎಂಬುದು. ಈ ಮಾರ್ಗದರ್ಶಿಯ ಹೆಜ್ಜೆಗಳೆಲ್ಲ ಆ ಪ್ರಶ್ನೆಯನ್ನು ಹಿಡಿದೇ ಸಾಗುತ್ತವೆ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೂ, ಭಾನುವಾರ ಮನೆಮಂದಿಯೊಂದಿಗೆ ಕಡಲಿಗೆ ಹೋಗುವವರಿಗೂ ಇದು ಸಾಕಾಗುತ್ತದೆ; ಸೂಕ್ಷ್ಮದರ್ಶಕ ಬೇಕಿಲ್ಲ.

ಮೊದಲ ಹೆಜ್ಜೆ: ಹೊತ್ತು ಮತ್ತು ಜಾಗವನ್ನು ಆರಿಸುವುದು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಆದರೆ ಎರಡೂ ಇಳಿತಗಳು ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹಲವು ಮೀಟರ್ ಏರಿಳಿಯುತ್ತದೆಯಾದರೂ ಮಂಗಳೂರಿನಲ್ಲಿ ಆ ಅಂತರ ಹೆಚ್ಚೆಂದರೆ ಸುಮಾರು ಒಂದೂವರೆ ಮೀಟರ್ ಇದ್ದೀತು. ಹೀಗಾಗಿ ಇಲ್ಲಿ ಬಂಡೆಯ ಬದುಕು ತೀರ ಕಿರಿದಾದ ಪಟ್ಟಿಯೊಳಗೆ ಅಡಕವಾಗಿದ್ದು, ತಪ್ಪಾದ ಹೊತ್ತಿಗೆ ಹೋದರೆ ನೋಡಬೇಕಾದ ಭಾಗವೆಲ್ಲ ನೀರಿನಡಿಯಲ್ಲಿರುತ್ತದೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನಗಳನ್ನು ಆರಿಸಿ, ಏಕೆಂದರೆ ಆಗ ಇಳಿತ ಹೆಚ್ಚು ಕೆಳಗೆ ಹೋಗುತ್ತದೆ. ಇಳಿತದ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ ಕಳೆದ ವಾರದ ಅನುಭವವನ್ನು ನಂಬಬಾರದು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವನ್ನೋ ಫೋನಿನಲ್ಲಿ ಸಿಗುವ ಯಾವುದಾದರೂ ಉಬ್ಬರವಿಳಿತದ ಆ್ಯಪನ್ನೋ ನೋಡಿಕೊಳ್ಳಬೇಕು. ನೀರು ಅತಿ ಕೆಳಗಿಳಿಯುವುದಕ್ಕೆ ಒಂದು ಗಂಟೆ ಮೊದಲೇ ಬಂಡೆಯ ಬಳಿ ಇದ್ದರೆ, ಇಳಿಯುವ ನೀರಿನ ಹಿಂದೆಯೇ ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಬಹುದು.

ಜಾಗದ ವಿಷಯದಲ್ಲಿ ಒಂದೇ ನಿಯಮ: ಗಟ್ಟಿಯಾದ, ಕದಲದ ನೆಲೆ ಇರಬೇಕು. ತಣ್ಣೀರುಬಾವಿಯಂಥ ಮರಳಿನ ದಂಡೆಯಲ್ಲಿ ಗಂಟೆಗಟ್ಟಲೆ ಅಲೆದರೂ ಜೀವಂತ ಬಾರ್ನಕಲ್ ಸಿಗುವುದು ಕಷ್ಟ, ಸಿಕ್ಕರೂ ತೇಲಿಬಂದ ಮರದ ತುಂಡಿನ ಮೇಲೆ ಮಾತ್ರ. ಸೋಮೇಶ್ವರದ ಬಂಡೆಗಳು, ಸುರತ್ಕಲ್ ತೀರದ ಕಲ್ಲುಗಳು, 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಬುಡದ ಹಾಸುಬಂಡೆ, ಉಳ್ಳಾಲದ ತಡೆಗೋಡೆಯ ಕಲ್ಲುಗಳು ಒಳ್ಳೆಯ ತಾಣಗಳು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಕ್ಕೆ ವಿಶೇಷ ಅನುಕೂಲವೊಂದಿದೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಅಲ್ಲಿನ ಶಿಲಾಸ್ತಂಭಗಳ ಪಕ್ಕಗಳು ನೆಟ್ಟಗೆ ನಿಂತಿರುವುದರಿಂದ, ನೀರಿನ ಮಟ್ಟದಿಂದ ಮೇಲಕ್ಕೆ ಜೀವಿಗಳು ಪಟ್ಟಿಪಟ್ಟಿಯಾಗಿ ನೆಲೆಸುವ ಬಗೆಯನ್ನು ಅಲ್ಲಿ ಗಮನಿಸುವುದು ಸುಲಭ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ, ಇದ್ದರೂ ಹೋಗಬಾರದು.

ಎರಡನೆಯ ಹೆಜ್ಜೆ: ಸಿದ್ಧತೆ

ಕಾಲಿಗೆ ಹಿಡಿತವಿರುವ ಬೂಟು ಅಥವಾ ಹಿಂಪಟ್ಟಿಯ ಚಪ್ಪಲಿ, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ಒಂದು ಅಳತೆಪಟ್ಟಿ, ಪೆನ್ಸಿಲ್, ಪುಸ್ತಕ, ಫೋನ್. ಇಷ್ಟೇ. ಬಾರ್ನಕಲ್‌ನ ಅಂಚು ಬ್ಲೇಡಿನಷ್ಟೇ ಚೂಪಾಗಿರುತ್ತದೆ. ಗೀರು ಬಿದ್ದರೆ ಕೂಡಲೇ ಸಿಹಿನೀರು ಮತ್ತು ಸಾಬೂನಿನಿಂದ ತೊಳೆಯಬೇಕು, ಒಳಗೆ ಸಿಕ್ಕಿದ ಚೂರನ್ನು ತೆಗೆಯಬೇಕು. ಗಾಯ ಕೆಂಪಾಗಿ ಊದಿಕೊಂಡರೆ ಮನೆಮದ್ದು ಮಾಡುತ್ತ ಕೂರದೆ ವೈದ್ಯರ ಬಳಿ ಹೋಗಬೇಕು, ಮಧುಮೇಹ ಅಥವಾ ಯಕೃತ್ತಿನ ಕಾಯಿಲೆ ಇರುವವರಂತೂ ತಡಮಾಡಲೇಬಾರದು, ಏಕೆಂದರೆ ಬೆಚ್ಚಗಿನ ಕಡಲನೀರಿನ ಕೆಲವು ಬ್ಯಾಕ್ಟೀರಿಯಾಗಳು ಗಾಯದ ಮೂಲಕ ಒಳಹೊಕ್ಕು ತೀವ್ರ ಸೋಂಕು ಉಂಟುಮಾಡಬಲ್ಲವು. ಕಡಲಿಗೆ ಬೆನ್ನು ಹಾಕಿ ಕೂರಬೇಡಿ. ಕಡಲಿನ ಸ್ಥಿತಿಯ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಟ್ಟ ದಿನ ಬಂಡೆಯ ಕಡೆ ಹೋಗುವುದೇ ಬೇಡ.

ಮೂರನೆಯ ಹೆಜ್ಜೆ: ಮನೆ ಯಾವುದು, ಖಾಲಿ ಮನೆ ಯಾವುದು

ಮೊದಲು ಒಂದೇ ಒಂದು ಬಾರ್ನಕಲ್ ಆರಿಸಿಕೊಂಡು ಮಸೂರದಲ್ಲಿ ನೋಡಿ. ಹೊರಗೋಡೆ ಹಲವು ಸುಣ್ಣದ ಫಲಕಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ್ದು. ಅನೇಕ ಜಾತಿಗಳಲ್ಲಿ ಆರು ಫಲಕ, ಟೆಟ್ರಾಕ್ಲಿಟಾ ಕುಲದಲ್ಲಿ ನಾಲ್ಕು. ನೆತ್ತಿಯ ತೆರಪಿನೊಳಗೆ ಬೇರೆ ನಾಲ್ಕು ಪುಟ್ಟ ಫಲಕಗಳು ಎರಡೆರಡಾಗಿ ಸೇರಿ ಬಾಗಿಲಂತೆ ಮುಚ್ಚಿಕೊಂಡಿದ್ದರೆ ಪ್ರಾಣಿ ಒಳಗಿದೆ ಎಂದರ್ಥ. ಬಾಗಿಲಿಲ್ಲದೆ ಬುಡದ ಕಲ್ಲು ಕಾಣುತ್ತಿದ್ದರೆ ಅದು ಖಾಲಿ ಮನೆ. ಇಳಿತದ ಹೊತ್ತಿನಲ್ಲಿ ಗಾಳಿ ಕಡಿಮೆಯಿದ್ದಾಗ ಬಂಡೆಗೆ ಕಿವಿ ಹತ್ತಿರ ಒಯ್ದರೆ ಸಣ್ಣಗೆ ಚಿಟಿಚಿಟಿ ಸದ್ದು ಕೇಳುವುದುಂಟು. ಸಾವಿರಾರು ಬಾಗಿಲುಗಳು ಅಲುಗಿ ಬಿಗಿಯಾಗುವ ಸದ್ದು ಅದು. ಒಳಗೆ ಉಳಿಸಿಕೊಂಡ ಒಂದಿಷ್ಟು ನೀರು ಆರದಂತೆ ಕಾಪಾಡಿಕೊಂಡು, ಮುಂದಿನ ಉಬ್ಬರ ಬರುವವರೆಗೆ ಬಿಸಿಲಲ್ಲಿ ಕಾಯ್ದ ಕಲ್ಲಿನ ಮೇಲೆ ಬದುಕಿರುವುದು ಈ ಬಾಗಿಲಿನಿಂದಲೇ.

ಖಾಲಿ ಮನೆಗಳನ್ನು ಕಡೆಗಣಿಸಬೇಡಿ. ಅವುಗಳೊಳಗೆ ಮಸೂರ ಹಿಡಿದು ಇಣುಕಿದರೆ ಎಳ್ಳುಕಾಳಿನಷ್ಟು ಗಾತ್ರದ ಬಸವನಹುಳುಗಳು, ಸಣ್ಣ ಹುಳುಗಳು, ಕೆಲವೊಮ್ಮೆ ಎಳೆಯ ಬಾರ್ನಕಲ್‌ಗಳೂ ಕಾಣಿಸುತ್ತವೆ. ನುಣ್ಣನೆಯ ಬಂಡೆಯಲ್ಲಿ ತೇವವೂ ನೆರಳೂ ಸಿಗದ ಜೀವಿಗಳಿಗೆ ಆಶ್ರಯ ಕೊಡುವುದರಿಂದಲೇ ಬಾರ್ನಕಲ್ ಸತ್ತ ಮೇಲೂ ಬಂಡೆಯ ಬದುಕಿಗೆ ಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಉಣ್ಣುವುದನ್ನು ನೋಡುವುದು

ಇದು ಮಕ್ಕಳಿಗೆ ಅತ್ಯಂತ ಇಷ್ಟವಾಗುವ ಭಾಗ, ಹಿರಿಯರು ಅವಸರದಲ್ಲಿ ಕಳೆದುಕೊಳ್ಳುವ ಭಾಗವೂ ಹೌದು. ಬಂಡೆಯ ತಗ್ಗಿನಲ್ಲಿ ನೀರು ನಿಂತಿರುವ, ತಳ ಕಾಣುವಷ್ಟು ತಿಳಿಯಾದ ಗುಂಡಿಯೊಂದನ್ನು ಹುಡುಕಿ, ಅದರ ಮೇಲೆ ನಿಮ್ಮ ನೆರಳು ಬೀಳದಂತೆ ಕುಳಿತುಕೊಳ್ಳಿ. ಕೆಲವು ನಿಮಿಷ ಅಲುಗಾಡಬೇಡಿ. ಮುಳುಗಿರುವ ಬಾರ್ನಕಲ್‌ಗಳ ಬಾಗಿಲು ತೆರೆದು, ಗರಿಯಂಥ ಕಾಲುಗಳ ಗೊಂಚಲು ಹೊರಚಾಚಿ, ಅರಳಿ, ಮಡಚಿ ಮತ್ತೆ ಒಳಸೇರುತ್ತದೆ. ಬೀಸುಬಲೆ ಎಸೆದು ಎಳೆದುಕೊಂಡಂತೆಯೇ, ಮತ್ತೆ ಮತ್ತೆ. ಆರು ಜೋಡಿ ಕಾಲುಗಳಲ್ಲಿ ಹಿಂದಿನ ಮೂರು ಜೋಡಿ ಉದ್ದವಾಗಿದ್ದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ಹಿಡಿಯುತ್ತವೆ, ಮುಂದಿನ ಗಿಡ್ಡ ಜೋಡಿಗಳು ಅದನ್ನು ಬಾಯಿಗೆ ದಾಟಿಸುತ್ತವೆ. ಪ್ರಾಣಿಯ ತಲೆ ಇರುವುದು ಬುಡದಲ್ಲಿ, ಕಲ್ಲಿಗೆ ಅಂಟಿಕೊಂಡ ಕಡೆ. ಅಂದರೆ ನೀವು ನೋಡುತ್ತಿರುವುದು ತಲೆಕೆಳಗಾಗಿ ನಿಂತು ಕಾಲಿನಿಂದ ಊಟ ಮಾಡುವ ಪ್ರಾಣಿಯನ್ನು.

ಈಗ ಕೈಯನ್ನು ನಿಧಾನವಾಗಿ ಅಡ್ಡ ತಂದು ಗುಂಡಿಯ ಮೇಲೆ ನೆರಳು ಬೀಳಿಸಿ. ಕಾಲುಗಳು ತಟ್ಟನೆ ಒಳಸೇರಿ ಬಾಗಿಲು ಮುಚ್ಚುತ್ತದೆ. ಬೆಳಕು ಕಡಿಮೆಯಾದುದನ್ನು ಗ್ರಹಿಸುವ ಸರಳ ಕಣ್ಣು ಅದಕ್ಕಿದ್ದು, ಮೇಲೆ ಹಾಯುವ ನೆರಳೆಂದರೆ ತಿನ್ನಲು ಬಂದವರೆಂದೇ ಅದು ನಡೆದುಕೊಳ್ಳುತ್ತದೆ. ನೆರಳು ಸರಿದ ಮೇಲೆ ಮತ್ತೆ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸಿ. ಒಂದೇ ನೆರಳನ್ನು ಪದೇಪದೇ ಬೀಳಿಸಿದರೆ ಆ ಪ್ರತಿಕ್ರಿಯೆ ಹೇಗೆ ಬದಲಾಗುತ್ತದೆ ಎಂಬುದನ್ನೂ ಗಮನಿಸಿ. ಗುಂಡಿಯ ನೀರಿನಲ್ಲಿ ಪಾರದರ್ಶಕವಾದ, ಗರಿಯಾಕಾರದ ತೆಳುಪೊರೆ ತೇಲುತ್ತಿದ್ದರೆ ಅದು ಸತ್ತ ಪ್ರಾಣಿಯಲ್ಲ, ಬಾರ್ನಕಲ್ ಕಳಚಿದ ಪೊರೆ. ಏಡಿಗಳು ಮೈಚಿಪ್ಪನ್ನೇ ಕಳಚುತ್ತವೆ. ಬಾರ್ನಕಲ್ ಕಳಚುವುದು ಒಳಮೈ ಮತ್ತು ಕಾಲುಗಳ ಪೊರೆಯನ್ನು ಮಾತ್ರ, ಗೋಡೆಯ ಫಲಕಗಳು ಅಂಚಿನಲ್ಲಿ ಬೆಳೆಯುತ್ತಲೇ ಹೋಗುತ್ತವೆ.

ಐದನೆಯ ಹೆಜ್ಜೆ: ಅದು ಇಲ್ಲಿಗೆ ಬಂದ ದಾರಿಯನ್ನು ಅರಿಯುವುದು

ಇಲ್ಲಿ ಕಣ್ಣಿಗೆ ಕಾಣದ ಸಂಗತಿಗಳೇ ಹೆಚ್ಚು, ಆದರೆ ಇವನ್ನು ತಿಳಿಯದೆ ಬಂಡೆಯನ್ನು ಓದಲಾಗದು. ಬಂಡೆಯ ಮೇಲಿನ ಹೆಚ್ಚಿನ ಬಾರ್ನಕಲ್‌ಗಳಲ್ಲಿ ಗಂಡು, ಹೆಣ್ಣು ಎರಡೂ ಅಂಗಗಳು ಒಂದೇ ದೇಹದಲ್ಲಿರುತ್ತವೆ. ಹಾಗಿದ್ದರೂ ಸಾಮಾನ್ಯವಾಗಿ ಅವು ನೆರೆಯವರೊಂದಿಗೇ ಕೂಡುತ್ತವೆ. ಕದಲಲಾಗದ ಪ್ರಾಣಿ ನೆರೆಯವರನ್ನು ತಲುಪುವುದು ಹೇಗೆ? ದೇಹದ ಗಾತ್ರಕ್ಕೆ ಹೋಲಿಸಿದರೆ ಪ್ರಾಣಿಲೋಕದಲ್ಲೇ ಅತಿ ಉದ್ದವಾದ ಶಿಶ್ನ ಬಾರ್ನಕಲ್‌ಗಳದ್ದು. ಕೆಲವು ಜಾತಿಗಳಲ್ಲಿ ಅದು ದೇಹದ ಎಂಟು ಪಟ್ಟು ಉದ್ದಕ್ಕೆ ಚಾಚಬಲ್ಲದು. ಉತ್ತರ ಅಮೆರಿಕದ ಪೆಸಿಫಿಕ್ ತೀರದ ಒಂದು ಜಾತಿಯಲ್ಲಿ, ಅಲೆಯ ಹೊಡೆತ ಜೋರಾಗಿರುವಲ್ಲಿ ಅದು ಗಿಡ್ಡವಾಗಿ ದಪ್ಪಗೂ, ಶಾಂತ ನೀರಿನಲ್ಲಿ ಉದ್ದವಾಗಿ ತೆಳ್ಳಗೂ ಬೆಳೆಯುವುದನ್ನು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಒಂಟಿಯಾಗಿ ದೂರದಲ್ಲಿ ಅಂಟಿಕೊಂಡ ಬಾರ್ನಕಲ್ ಸಂತಾನದ ದೃಷ್ಟಿಯಿಂದ ಕೆಟ್ಟಂತೆಯೇ. ಬಂಡೆಯ ಮೇಲೆ ಅವು ಗುಂಪುಗುಂಪಾಗಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಮೊಟ್ಟೆಗಳು ಚಿಪ್ಪಿನ ಒಳಗೇ ಬೆಳೆದು, ನಾಪ್ಲಿಯಸ್ ಎಂಬ ಮರಿಗಳಾಗಿ ನೀರಿಗೆ ಹೊರಬೀಳುತ್ತವೆ. ಒಂದೇ ಕಣ್ಣು, ಮೂರು ಜೊತೆ ಕಾಲು, ಹಣೆಯ ಎರಡು ಬದಿಗೆ ಎರಡು ಕೊಂಬು. ಈ ಕೊಂಬಿನಿಂದಲೇ ಬೇರೆ ಕಠಿಣಚರ್ಮಿಗಳ ಮರಿಗಳಿಂದ ಅವನ್ನು ಬೇರೆಯಾಗಿ ಗುರುತಿಸುತ್ತಾರೆ. ಆರು ಹಂತಗಳಲ್ಲಿ ಪೊರೆ ಬಿಡುತ್ತ ಬೆಳೆಯುವ ಈ ಮರಿಗಳು ಕಡಲಿನ ತೇಲುಜೀವಿಗಳ ದೊಡ್ಡ ಸಮುದಾಯದ ಭಾಗ. ಬಹುಪಾಲು ಮರಿಮೀನುಗಳ, ಇತರ ತೇಲುಜೀವಿಗಳ ಹೊಟ್ಟೆ ಸೇರುತ್ತವೆ. ನಾವು ಬಂಡೆಯ ಮೇಲೆ ತುಳಿದು ಹೋಗುವ ಪ್ರಾಣಿಯಿಂದ ಮೀನಿನ ಆಹಾರದ ಸರಪಳಿಗೆ ಸಲ್ಲುವ ಕಾಣಿಕೆ ಇದು, ಮೀನಿಲ್ಲದೆ ಊಟ ಸೇರದ ಊರಿನವರಾದ ನಾವು ನೆನಪಿಡಬೇಕಾದದ್ದು. ನಮ್ಮ ಬೆಚ್ಚಗಿನ ನೀರಿನಲ್ಲಿ, ಬಂದರುಗಳ ಸಾಮಾನ್ಯ ಜಾತಿಯಾದ ಆಂಫಿಬಾಲಾನಸ್ ಆಂಫಿಟ್ರೈಟ್‌ನಂಥವು ಆಹಾರ ಸಾಕಷ್ಟಿದ್ದರೆ ಒಂದು ವಾರದ ಆಸುಪಾಸಿನಲ್ಲೇ ಈ ಹಂತಗಳನ್ನು ದಾಟುತ್ತವೆ.

ಬಳಿಕ ಬರುವುದು ಸಿಪ್ರಿಡ್ ಎಂಬ ಕೊನೆಯ ಮರಿ. ಅರ್ಧ ಮಿಲಿಮೀಟರಿನ ಆಸುಪಾಸು ಉದ್ದ. ಇದು ಏನನ್ನೂ ತಿನ್ನುವುದಿಲ್ಲ. ಮೈಯಲ್ಲಿ ಕೂಡಿಟ್ಟ ಎಣ್ಣೆಯ ಬಲದಲ್ಲೇ ಬದುಕುತ್ತ, ಮೀಸೆಗಳ ತುದಿಯಿಂದ ಕಲ್ಲಿನ ಮೇಲೆ ಹೆಜ್ಜೆಯಿಟ್ಟು ನಡೆದು ಜಾಗ ಪರೀಕ್ಷಿಸುತ್ತದೆ. ಒರಟೋ ನುಣುಪೋ, ಮೇಲ್ಮೈಯಲ್ಲಿ ಯಾವ ಸೂಕ್ಷ್ಮಜೀವಿಗಳ ಲೇಪವಿದೆ, ನೀರಿನ ಹರಿವು ಹೇಗಿದೆ, ತನ್ನ ಜಾತಿಯವರು ಈಗಾಗಲೇ ಇದ್ದಾರೆಯೇ? ಹಿರಿಯ ಬಾರ್ನಕಲ್‌ಗಳ ಮೈಯ ಪ್ರೋಟೀನಿನ ಗುರುತು ಸಿಕ್ಕಿದಲ್ಲಿ ಅದು ಹೆಚ್ಚಾಗಿ ನಿಲ್ಲುತ್ತದೆ. ಒಪ್ಪಿದರೆ ಅಂಟು ಸುರಿಸಿ ತಲೆಯೂರುತ್ತದೆ, ಒಪ್ಪದಿದ್ದರೆ ಬಿಟ್ಟು ಈಜಿ ಹೋಗುತ್ತದೆ. ಆದರೆ ಎಣ್ಣೆ ಮುಗಿಯುತ್ತ ಬಂದಂತೆ ಆಯ್ಕೆಯೂ ಸಡಿಲವಾಗುತ್ತದೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಈ ಹಂತದ ಕುರಿತು ದೀರ್ಘಕಾಲದಿಂದ ಸಂಶೋಧನೆ ನಡೆದಿದೆ. ಒದ್ದೆ ಮೇಲ್ಮೈಗೂ ಬಿಡದಂತೆ ಅಂಟುವ ಆ ಅಂಟಿನ ಗುಟ್ಟನ್ನು ಅನುಸರಿಸಿ, ರಕ್ತಸ್ರಾವ ನಿಲ್ಲಿಸುವ ಲೇಪವೊಂದನ್ನು 2021ರಲ್ಲಿ ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ್ದಾರೆ.

ಆರನೆಯ ಹೆಜ್ಜೆ: ಪಟ್ಟಿಗಳನ್ನು ಓದುವುದು

ಈಗ ಎದ್ದು ನಿಂತು, ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಒಂದು ಸಲ ದಿಟ್ಟಿಸಿ. ತೀರ ಮೇಲೆ ಬರಿಗಲ್ಲು, ಅಲ್ಲಲ್ಲಿ ಬಿರುಕುಗಳಲ್ಲಿ ಸಣ್ಣ ಬಸವನಹುಳು. ಅದರ ಕೆಳಗೆ ಚಪ್ಪಟೆಯಾದ, ಚಿಕ್ಕ ಗಾತ್ರದ ಬಾರ್ನಕಲ್‌ಗಳು. ಇವು ಹೆಚ್ಚಾಗಿ ಕ್ತಾಮಲಸ್ ಕುಲದವು. ಇನ್ನೂ ಕೆಳಗೆ ದೊಡ್ಡ ಶಂಕುಗಳು, ಸಿಂಪಿಗಳು, ಪಚ್ಚಿಲೆ, ಪಾಚಿ. ಎಲ್ಲ ಬಂಡೆಯಲ್ಲೂ ಇದೇ ಕ್ರಮ ಅಚ್ಚುಕಟ್ಟಾಗಿ ಕಾಣುವುದಿಲ್ಲ, ನೆರಳಿನ ಬದಿ ಮತ್ತು ಅಲೆ ಚಿಮ್ಮುವ ಬದಿಯಲ್ಲಿ ಪಟ್ಟಿ ಮೇಲಕ್ಕೇರಿರುತ್ತದೆ.

ಪಟ್ಟಿಯ ಮೇಲಂಚು, ಕೆಳಅಂಚುಗಳ ಕಾರಣ ಒಂದೇ ಅಲ್ಲ ಎಂಬುದನ್ನು ಸ್ಪಷ್ಟವಾಗಿ ತೋರಿಸಿದವನು ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್. ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದಲ್ಲಿ ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಳಗಿನ ಪಟ್ಟಿಯ ದೊಡ್ಡ ಬಾರ್ನಕಲ್‌ಗಳನ್ನು ಅವನು ತೆಗೆದುಹಾಕಿದಾಗ ಮೇಲಿನ ಪಟ್ಟಿಯ ಕ್ತಾಮಲಸ್ ಅಲ್ಲಿಯೂ ಚೆನ್ನಾಗಿಯೇ ಬದುಕಿತು. ಎಂದರೆ ಅದು ಮೇಲೆ ಮಾತ್ರ ಉಳಿದದ್ದು ಕೆಳಗೆ ಬದುಕಲಾರದ್ದಕ್ಕಲ್ಲ. ವೇಗವಾಗಿ ಬೆಳೆಯುವ ನೆರೆಯವರು ಅದನ್ನು ಮುಚ್ಚಿ, ಒತ್ತಿ, ಬುಡದಿಂದ ಎಬ್ಬಿಸಿ ಹಾಕುತ್ತಿದ್ದರು. ಮೇಲಂಚನ್ನು ಗೆರೆ ಹಾಕಿದ್ದು ಮಾತ್ರ ಒಣಗುವಿಕೆ. ನಮ್ಮ ತೀರದ ಜಾತಿಗಳು ಬೇರೆ, ಬಿಸಿಲೂ ಬೇರೆ, ಆದರೆ ಪ್ರಶ್ನೆ ಅದೇ: ಈ ಅಂಚನ್ನು ಹಾಕಿದ್ದು ಬಿಸಿಲೋ, ನೆರೆಯವರೋ, ಬೇಟೆಗಾರನೋ?

ಬೇಟೆಗಾರನನ್ನು ಹುಡುಕುವುದು ಸುಲಭ. ಬಾರ್ನಕಲ್ ಹಾಸಿನ ನಡುವೆ ದಪ್ಪ ಚಿಪ್ಪಿನ, ಗಂಟುಗಂಟಾದ ಶಂಖದ ಹುಳುಗಳು ಕಂಡರೆ ಅವುಗಳ ಸುತ್ತ ನೋಡಿ. ಬಾಗಿಲಿನ ಫಲಕ ಕಳೆದುಕೊಂಡ, ಗೋಡೆ ಮಾತ್ರ ಉಳಿದ ಹೊಸ ಖಾಲಿ ಮನೆಗಳು ಅಲ್ಲಿರುತ್ತವೆ. ಈ ಹುಳುಗಳು ಬಾಗಿಲನ್ನು ಬಲವಂತವಾಗಿ ತೆರೆದೋ, ಚಿಪ್ಪಿನಲ್ಲಿ ತೂತು ಕೊರೆದೋ ಒಳಗಿನ ಪ್ರಾಣಿಯನ್ನು ತಿನ್ನುತ್ತವೆ. ಅವು ಖಾಲಿ ಮಾಡಿದ ಜಾಗದಲ್ಲಿ ಪಾಚಿಗೋ ಪಚ್ಚಿಲೆಗೋ ಎಡೆ ಸಿಗುತ್ತದೆ.

ನದಿ ಸೇರುವಲ್ಲಿ ಇನ್ನೊಂದು ಕೈ ಕೆಲಸ ಮಾಡುತ್ತದೆ. ನೇತ್ರಾವತಿ–ಫಲ್ಗುಣಿಗಳ ಅಳಿವೆಯಲ್ಲೋ ಕೋಡಿ ಬೆಂಗ್ರೆಯ ಬಳಿ ಸ್ವರ್ಣಾ, ಸೀತಾ ನದಿಗಳು ಸೇರುವಲ್ಲೋ ಮಳೆಗಾಲದಲ್ಲಿ ಕೆಂಪುನೀರು ನುಗ್ಗಿದಾಗ ಉಪ್ಪಿನ ಅಂಶ ದಿಢೀರನೆ ಇಳಿಯುತ್ತದೆ. ಬಾಗಿಲು ಮುಚ್ಚಿ ಸ್ವಲ್ಪ ಕಾಲ ತಡೆಯುವ ಬಾರ್ನಕಲ್ ವಾರಗಟ್ಟಲೆ ತಡೆಯಲಾರದೆ ಸಾಯುತ್ತದೆ, ಮಳೆ ಹಿಂದೆಗೆದ ಮೇಲೆ ಹೊಸ ಪೀಳಿಗೆ ಬಂದು ಕೂರುತ್ತದೆ. ಒಂದೇ ಕಲ್ಲನ್ನು ಮೇ ತಿಂಗಳಲ್ಲೂ ಅಕ್ಟೋಬರ್–ನವೆಂಬರ್‌ನಲ್ಲೂ ನೋಡಿದವರಿಗೆ ಈ ವ್ಯತ್ಯಾಸ ಅರಿವಾಗುತ್ತದೆ.

ಏಳನೆಯ ಹೆಜ್ಜೆ: ದಕ್ಕೆ ಮತ್ತು ಬೋಟು

ಬಂಡೆಗೆ ಹೋಗಲಾಗದವರು ಮಲ್ಪೆ ಬಂದರಿಗೋ ಮಂಗಳೂರಿನ ದಕ್ಕೆಗೋ ಹೋಗಬಹುದು. ಕಂಬಗಳ ನೀರಿನ ಗೆರೆಯಲ್ಲಿ, ಹಳೆಯ ಟಯರುಗಳ ಮೇಲೆ, ಹಗ್ಗದ ಮೇಲೆ ಸಹ ಬಾರ್ನಕಲ್ ಇರುತ್ತದೆ. ಬಿಳಿಯ ಗೋಡೆಯ ಮೇಲೆ ನೇರಳೆ ಅಥವಾ ಗುಲಾಬಿ ಬಣ್ಣದ ಉದ್ದಗೆರೆಗಳಿದ್ದರೆ ಅದು ಆಂಫಿಬಾಲಾನಸ್ ಆಂಫಿಟ್ರೈಟ್ ಇರುವ ಸಾಧ್ಯತೆ ಹೆಚ್ಚು. 1854ರಲ್ಲಿ ಇದನ್ನು ವಿವರಿಸಿದವನು ಡಾರ್ವಿನ್. ಹಡಗುಗಳಿಗೆ ಅಂಟಿಕೊಂಡು ಇದು ಜಗತ್ತಿನ ಬೆಚ್ಚಗಿನ ಬಂದರುಗಳಲ್ಲೆಲ್ಲ ಹರಡಿದೆ.

ಬೋಟಿನ ಅಡಿಗೆ ಬಾರ್ನಕಲ್ ಕೂತರೆ ನೀರಿನ ಎಳೆತ ಹೆಚ್ಚಿ ಡೀಸೆಲ್ ಖರ್ಚು ಏರುತ್ತದೆ ಎಂಬುದು ಬೋಟಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಬೋಟುಗಳನ್ನು ಮೇಲೆಳೆದು ಕೆರೆದು ಬಣ್ಣ ಬಳಿಯುವುದನ್ನು ಇಲ್ಲಿ ಎಲ್ಲರೂ ನೋಡಿರುತ್ತಾರೆ. ಹೇಳಬೇಕಾದದ್ದು ಬೇರೆ. ಬಾರ್ನಕಲ್ ಕೂರದಂತೆ ಹಿಂದೆ ಬಳಸುತ್ತಿದ್ದ ಟ್ರೈಬ್ಯುಟೈಲ್ ಟಿನ್ ಬೆರೆಸಿದ ಬಣ್ಣ, ಕಡಲಿನ ಹೆಣ್ಣು ಶಂಖದ ಹುಳುಗಳಲ್ಲಿ ಗಂಡು ಅಂಗ ಬೆಳೆಯುವಷ್ಟು ಹಾನಿ ಮಾಡಿದ್ದರಿಂದ 2001ರಲ್ಲಿ ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವಾಗಿ, 2008ರಲ್ಲಿ ಅದು ಜಾರಿಗೆ ಬಂದಿತು. ಈಗಿನ ಬಣ್ಣಗಳಲ್ಲಿ ಹೆಚ್ಚಾಗಿ ತಾಮ್ರದ ಸಂಯುಕ್ತಗಳಿರುತ್ತವೆ, ಅದೂ ನಂಜೇ. ಆದ್ದರಿಂದ ಕೆರೆಯುವ ಮುನ್ನ ಅಡಿಯಲ್ಲಿ ಟಾರ್ಪಾಲು ಹಾಸಿ, ಮುಖಗವಸು ಹಾಕಿ, ಕೆರೆದ ಚಿಪ್ಪು ಮತ್ತು ಬಣ್ಣದ ಪುಡಿಯನ್ನು ನೀರಿಗೆ ಗುಡಿಸದೆ ಪ್ರತ್ಯೇಕವಾಗಿ ತುಂಬಿಸಬೇಕು. ಬೋಟು ಮೇಲೆ ಬಂದ ದಿನವೇ, ಅಡಿ ಇನ್ನೂ ಒದ್ದೆಯಿರುವಾಗ ಕೆರೆದರೆ ಶ್ರಮ ಕಡಿಮೆ.

ಎಂಟನೆಯ ಹೆಜ್ಜೆ: ಅಡುಗೆಮನೆಯ ಏಡಿ

ಡೆಂಜಿ, ಅಂದರೆ ಏಡಿ, ಶುಚಿ ಮಾಡುವಾಗ ಮೇಲಿನ ಚಿಪ್ಪು ತೆಗೆದು ಕಿವಿರುಗಳನ್ನು ಬಿಸಾಡುವುದು ವಾಡಿಕೆ. ಬಿಸಾಡುವ ಮುನ್ನ ಅವನ್ನು ಒಂದು ಬಟ್ಟಲು ನೀರಿನಲ್ಲಿ ಹರಡಿ ಮಸೂರದಲ್ಲಿ ನೋಡಿ. ಬೆಳ್ಳಗಿನ, ತೊಟ್ಟಿರುವ, ಕೆಲವೇ ಮಿಲಿಮೀಟರ್ ಉದ್ದದ ಜೀವಿಗಳು ಅಂಟಿಕೊಂಡಿದ್ದರೆ ಅವು ಆಕ್ಟೋಲಾಸ್ಮಿಸ್ ಕುಲದ ತೊಟ್ಟಿನ ಬಾರ್ನಕಲ್‌ಗಳು. ಇವು ಏಡಿಯ ರಕ್ತ ಹೀರುವುದಿಲ್ಲ. ಉಸಿರಾಟಕ್ಕಾಗಿ ಏಡಿ ಒಳಗೆಳೆದುಕೊಳ್ಳುವ ನೀರಿನಲ್ಲಿ ತಮ್ಮ ಆಹಾರ ಹಿಡಿಯುತ್ತವೆ, ಬಹಳವಾದರೆ ಏಡಿಯ ಉಸಿರಿಗೆ ತೊಡಕಾಗುತ್ತವೆ. ಇದಕ್ಕಿಂತ ವಿಚಿತ್ರವಾದದ್ದು ಸ್ಯಾಕುಲೈನಾ. ಏಡಿಯ ಹೊಟ್ಟೆಯ ಮಡಿಕೆಯಡಿ ಮೊಟ್ಟೆಯ ಗೊಂಚಲಿರಬೇಕಾದಲ್ಲಿ ಹಳದಿ ಬಣ್ಣದ ಮೆದುವಾದ ಚೀಲವೊಂದಿದ್ದರೆ ಅದು ಈ ಪರಾವಲಂಬಿ ಬಾರ್ನಕಲ್ ಇರಬಹುದು. ಚಿಪ್ಪು, ಕಾಲು ಯಾವುದೂ ಇಲ್ಲದೆ ಬೇರಿನಂತೆ ಏಡಿಯ ಮೈಯೊಳಗೆ ಹಬ್ಬಿ, ಅದರ ಸಂತಾನಶಕ್ತಿಯನ್ನೇ ಕಳೆಯುತ್ತದೆ. ಗಂಡು ಏಡಿ ಸಹ ಆ ಚೀಲವನ್ನು ತನ್ನದೇ ಮೊಟ್ಟೆಗಳೆಂಬಂತೆ ಕಾಯುತ್ತದೆ. ಇದೂ ಬಾರ್ನಕಲ್ಲೇ ಎಂದು ಹೇಳುವುದು ಅದರ ಕೊಂಬಿನ ನಾಪ್ಲಿಯಸ್ ಮತ್ತು ಸಿಪ್ರಿಡ್ ಮರಿಗಳು.

ಮೊಟ್ಟೆಯಿಡಲು ದಡಕ್ಕೆ ಬರುವ ಕಡಲಾಮೆಯ ಬೆನ್ನ ಮೇಲೆ ಚಪ್ಪಟೆಯಾದ ಬಾರ್ನಕಲ್ ಕಂಡರೆ ಕೀಳುವ ಉಪಕಾರ ಬೇಡ. ಆಮೆಯನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಒಂಬತ್ತನೆಯ ಹೆಜ್ಜೆ: ದಾಖಲೆ

ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ತೆರಪಿರುವ ಚೌಕಟ್ಟೊಂದನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಳ್ಳಿ. ಮೇಲಿನ, ನಡುವಿನ, ಕೆಳಗಿನ ಪಟ್ಟಿಗಳಲ್ಲಿ ತಲಾ ಒಂದು ಕಡೆ ಅದನ್ನಿಟ್ಟು ಫೋನನ್ನು ನೇರವಾಗಿ ಮೇಲೆ ಹಿಡಿದು, ಅಳತೆಪಟ್ಟಿ ಸಹಿತ ಚಿತ್ರ ತೆಗೆಯಿರಿ. ಎಣಿಕೆಯನ್ನು ಮನೆಗೆ ಬಂದು ಚಿತ್ರದಲ್ಲಿ ಮಾಡುವುದು ಒಳ್ಳೆಯದು: ಬಾಗಿಲಿರುವವು ಎಷ್ಟು, ಖಾಲಿ ಎಷ್ಟು, ಎರಡು ಮಿಲಿಮೀಟರಿಗಿಂತ ಚಿಕ್ಕ ಹೊಸಬರು ಎಷ್ಟು. ಚಿತ್ರದ ಜೊತೆ ದಿನಾಂಕ, ಇಳಿತದ ಹೊತ್ತು, ಬಂಡೆಯ ಯಾವ ಬದಿ, ನೆರಳಿದೆಯೋ ಇಲ್ಲವೋ ಎಂಬುದನ್ನು ಬರೆಯಿರಿ. ಕಲ್ಲಿಗೆ ಬಣ್ಣದ ಗುರುತು ಹಾಕಬೇಡಿ, ಬಿರುಕು, ಮೂಲೆಗಳಂಥ ಸಹಜ ಗುರುತನ್ನೇ ಆಧಾರವಾಗಿಟ್ಟುಕೊಂಡು ಮುಂದಿನ ಬಾರಿ ಅದೇ ಜಾಗಕ್ಕೆ ಹೋಗಿ. ಜೀವಂತ ಬಾರ್ನಕಲ್ ಕೆರೆದು ಮನೆಗೆ ತರಬಾರದು, ತಂದರೂ ಬದುಕದು. ಮಗುಚಿ ನೋಡಿದ ಕಲ್ಲನ್ನು ಇದ್ದಂತೆಯೇ ಮತ್ತೆ ಮಗುಚಿಡಬೇಕು.

ಜಾತಿ ಗುರುತಿಸಲು ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಚಿತ್ರ ಏರಿಸಬಹುದು. ಅದಕ್ಕೆ ಮೂರು ಚಿತ್ರ ಬೇಕು: ಮೇಲಿನಿಂದ ಬಾಗಿಲಿನ ಫಲಕಗಳು ಕಾಣುವಂತೆ ಒಂದು, ಪಕ್ಕದಿಂದ ಗೋಡೆ ಕಾಣುವಂತೆ ಒಂದು, ಸುತ್ತಲಿನ ಬಂಡೆ ಸೇರಿಸಿ ಒಂದು. ಬಾಗಿಲಿನ ಫಲಕ ಸ್ಪಷ್ಟವಿಲ್ಲದ ಚಿತ್ರದಿಂದ ಕುಲವನ್ನು ಹೇಳುವುದು ಪರಿಣತರಿಗೂ ಕಷ್ಟ.